ಇತರೆ ಶುಭ ಸಮಾರಂಭ

ಒಂದೇ ಕಸುಬನ್ನು ಬಹಳ ವರ್ಷ ಮಾಡಿದರೆ ಅದು ಕೈಯಲ್ಲಷ್ಟೇ ನಿಲ್ಲದೆ ಮೈಗೂ ಬಾಯಿಗೂ ಹತ್ತಿಕೊಳ್ಳುತ್ತದೆ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಊಟಕ್ಕೆ ಕರೆದರೆ ಎಡಗಾಲು ಮೊದಲಿಟ್ಟು ಬರುತ್ತಾರೆ, ತಟ್ಟೆಯ ಮುಂದೆ ಒಂದು ಕ್ಷಣ ನೆಟ್ಟಗೆ ನಿಂತು ಆಮೇಲೆ ಕೂರುತ್ತಾರೆ. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ರಾಮನಗರದ ಹಳೆ ಪೇಟೆಯಲ್ಲಿ ನನ್ನದೊಂದು ಮದುವೆ ಕಾರ್ಡಿನ ಅಂಗಡಿ. ಅಕ್ಷರ ಜೋಡಿಸುವುದು, ಅಂಚಿಗೆ ಬಳ್ಳಿ ಬಿಡಿಸುವುದು, ಮೂಲೆಗೆ ಕಳಶ ಕೂರಿಸುವುದು, ಇದನ್ನೇ ಮಾಡಿ ಮಾಡಿ ಮಂಗಳಕರವಲ್ಲದ ಒಂದು ವಾಕ್ಯ ಬರೆಯುವ ಶಕ್ತಿಯೇ ನನಗೆ ಹೋಗಿಬಿಟ್ಟಿದೆ. ಒಮ್ಮೆ ಅಂಗಡಿಯ ಕರೆಂಟ್ ಮೀಟರ್ ಕೆಟ್ಟಾಗ ಕಚೇರಿಗೆ ದೂರು ಬರೆದೆ. ಕೊನೆಯಲ್ಲಿ ನನಗರಿವಿಲ್ಲದೆ, ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಮೀಟರನ್ನು ಪರಿಶೀಲಿಸಬೇಕಾಗಿ ವಿನಂತಿ’ ಎಂದು ಸೇರಿಸಿದ್ದೆ. ಲೈನ್‌ಮನ್ ಬಂದವನು ಮೊದಲು ಕೇಳಿದ್ದು, “ಊಟ ಐತಾ ಮೇಡಮ್ಮ?” ಅಂತ.

ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮ ಅಂಗಡಿಯಲ್ಲಿ ತಿಥಿ ಕಾರ್ಡು ಮಾಡುವುದಿಲ್ಲ. ಇದು ನಮ್ಮ ಅತ್ತೆಯವರ ಕಟ್ಟಾಜ್ಞೆ. ಅಂಗಡಿ ತೆರೆದ ದಿನ ಹೊಸಿಲಿಗೆ ಅರಿಸಿನ ಹಚ್ಚುತ್ತಾ, “ಮದ್ವೆ ಕಾಗ್ದ ಇಡೋ ಜಾಗ್ದಲ್ಲಿ ಅದೊಂದ್ ಬ್ಯಾಡ ಕಣವ್ವ” ಎಂದಿದ್ದರು. ಯಾರಾದರೂ ಸಪ್ಪೆ ಮುಖ ಹೊತ್ತು ಅಂಗಡಿ ಮೆಟ್ಟಿಲು ಹತ್ತಿದರೆ ನಾನು ಅವರು ಬಾಯಿ ತೆರೆಯುವ ಮುಂಚೆಯೇ ಮುಂದಿನ ಬೀದಿಯ ಪ್ರೆಸ್ಸಿನ ದಾರಿ ತೋರಿಸುತ್ತಿದ್ದೆ. ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಚಿನ್ನದ ಬಣ್ಣದಲ್ಲೇ ಹತ್ತಾರು ಬಗೆ ಇದ್ದವು, ಕಪ್ಪು ಎಂಬುದೊಂದು ಬಣ್ಣವಿದೆ ಎನ್ನುವುದು ಮರೆತೇಹೋಗಿತ್ತು.

ಇಂಥವಳ ಕೈಗೆ ನಮ್ಮ ಬಡಾವಣೆಯ ಸಮುದಾಯ ಭವನದ ವೆಬ್‌ಸೈಟ್ ಬಂತು. ಭವನ ಸಮಿತಿಯ ಅಧ್ಯಕ್ಷರು ಚಿಕ್ಕಲಿಂಗಯ್ಯನವರು. ಬಸ್ ಡಿಪೋದಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಕಾರ್ಯದರ್ಶಿ ಅಫ್ಸರ್ ಭಾಯ್, ರೇಷ್ಮೆ ನೂಲು ತೆಗೆಸುವ ಘಟಕದವರು, ಮಾತು ಕಡಿಮೆ, ವ್ಯಾನು ಇರುವುದರಿಂದ ಕೆಲಸ ಹೆಚ್ಚು. ಅಲ್ಲಿಯವರೆಗೆ ಭವನ ಬೇಕೆಂದವರು ಚಿಕ್ಕಲಿಂಗಯ್ಯನವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಮನೆಗೆ ಹೋದರೆ ತೋಟದಲ್ಲಿ, ತೋಟಕ್ಕೆ ಹೋದರೆ ಬ್ಯಾಂಕಿನಲ್ಲಿ; ಕೈಗೆ ಸಿಗದೆ ಬೇಸತ್ತು ಎಷ್ಟೋ ಜನ ಬೇರೆ ಛತ್ರ ಹಿಡಿಯುತ್ತಿದ್ದರು. ಅದಕ್ಕೇ ಒಂದು ಬೆಳಿಗ್ಗೆ ಇಬ್ಬರೂ ಅಂಗಡಿಗೆ ಬಂದರು.

“ಕಮಲಮ್ಮ, ನೀನು ಕಂಪ್ಯೂಟ್ರು ಕಲ್ತವಳು. ನಮ್ ಭವನಕ್ಕೊಂದು ವೆಬ್‌ಸೈಟ್ ಮಾಡ್ಕೊಡು. ಯೂಸರ್ ಫ್ರೆಂಡ್ಲಿ ಆಗಿರ್ಬೇಕು ಕಣಮ್ಮ” ಎಂದರು ಚಿಕ್ಕಲಿಂಗಯ್ಯ.

“ಹಾಗಂದರೆ ಹೇಗಿರಬೇಕು ಸರ್?” ಎಂದೆ. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

“ಅಂದ್ರೆ... ನೋಡ್ದೋರ್ಗೆ ನಮ್ ಮ್ಯಾಲೆ ಸ್ನೇಹ ಹುಟ್ಬೇಕು” ಎಂದು ಅವರು ಅಫ್ಸರ್ ಭಾಯ್ ಮುಖ ನೋಡಿದರು. ಅಫ್ಸರ್ ಭಾಯ್ ತಲೆಯಾಡಿಸಿದರು. ಈ ವಿವರಣೆಯಲ್ಲಿ ತಪ್ಪೇನಿದೆ ಎಂದು ನನಗೆ ಅಂದು ಗೊತ್ತಾಗಲಿಲ್ಲ.

ಫೋನಿನಲ್ಲಿ ವಿಡಿಯೋ ನೋಡಿಕೊಂಡು ಕೆಲಸ ಶುರುಮಾಡಿದೆ. ಒಲೆಯ ಮೇಲೆ ಹಾಲಿಟ್ಟು ವಿಡಿಯೋ ನೋಡಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಕೆಲವು ವಾರ ಹೆಣಗಾಡಿದ ಮೇಲೆ ಒಂದು ರೂಪಕ್ಕೆ ಬಂತು. ಸಮಿತಿಯವರಿಗೆ ತೋರಿಸಿದೆ. ಇಬ್ಬರೂ ಬಹಳ ಹೊತ್ತು ನೋಡಿದರು. ಆಮೇಲೆ ಅಫ್ಸರ್ ಭಾಯ್ ಮೆಲ್ಲಗೆ, “ಮೇಡಂ, ಚೆನ್ನಾಗೈತೆ. ಆದ್ರೆ ಹುಡುಗ ಹುಡುಗಿ ಹೆಸ್ರು ಎಲ್ಲಿ?” ಎಂದರು. ಆಗ ನಾನೂ ನೋಡಿದೆ. ಸುತ್ತ ಚಿನ್ನದ ಬಳ್ಳಿ, ಮೇಲೆ ಮಾವಿನ ತೋರಣ, ಎರಡು ಕಡೆ ಬಾಳೆಕಂಬ, ನಡುವೆ ‘ಸಮುದಾಯ ಭವನ’. ನಾನು ಮಾಡಿದ್ದು ಭವನಕ್ಕೇ ಒಂದು ಮದುವೆ ಕಾರ್ಡು. ತೆರೆದ ತಕ್ಷಣ ನಾದಸ್ವರ ಬೇರೆ ಕೇಳುವಂತೆ ಮಾಡಿದ್ದೆ. ಅದನ್ನು ತೆಗೆಯಬೇಕಾಯಿತು. ಯಾಕೆಂದರೆ ಪರೀಕ್ಷೆಗೆಂದು ಫೋನನ್ನು ಅತ್ತೆಯವರ ಕೈಗೆ ಕೊಟ್ಟಾಗ ಅವರು ಗಾಬರಿಯಿಂದ ಅಕ್ಷತೆಗೆ ಅಕ್ಕಿ ಹುಡುಕಲು ಒಳಗೆ ಹೋಗಿದ್ದರು.

ಅತ್ತೆಯವರಿಂದ ನನಗೆ ಬಹಳ ಉಪಕಾರವಾಯಿತು. ‘ಇಲ್ಲಿ ಒತ್ತಿ’ ಎಂದು ಬರೆದರೆ ಅವರು ‘ಇಲ್ಲಿ’ ಎಂಬ ಅಕ್ಷರವನ್ನೇ ಒತ್ತುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಬಟನ್ನು ದೊಡ್ಡದು ಮಾಡಿದೆ. ಅಕ್ಷರ ದಪ್ಪ ಮಾಡಿದೆ. ಹೀಗೆ ಕಣ್ಣು ಮಂಜಾದವರಿಗೆ, ಬೆರಳು ದಪ್ಪ ಇದ್ದವರಿಗೆ, ಕನ್ನಡಕ ಮರೆತು ಬಂದವರಿಗೆ, ಎಲ್ಲರಿಗೂ ಅನುಕೂಲ ಮಾಡಿ ನಾನು ಒಳಗೊಳಗೇ ಬೀಗುತ್ತಿದ್ದೆ. ಸಂಕಟದಲ್ಲಿರುವವರೂ ಭವನ ಕೇಳಬಹುದು ಎಂಬುದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ‘ಯಾವ ಕಾರ್ಯಕ್ರಮಕ್ಕೆ?’ ಎಂಬ ಪ್ರಶ್ನೆಯ ಕೆಳಗೆ ಮದುವೆ, ನಿಕಾಹ್, ನಿಶ್ಚಿತಾರ್ಥ, ಸೀಮಂತ, ನಾಮಕರಣ, ಹುಟ್ಟುಹಬ್ಬ ಎಂದೆಲ್ಲ ಜೋಡಿಸುವಾಗ ಅಫ್ಸರ್ ಭಾಯ್ ಕೇಳಿಯೇ ಕೇಳಿದ್ದರು: “ಹೋದೋರ್ದು ಕಾರ್ಯ ಇರ್ತದಲ್ಲ, ಅದು?”

“ಏ, ಮೊದಲ್ನೇ ಪುಟದಲ್ಲೇ ಅದ್ಯಾಕ್ ಬುಡಪ್ಪ” ಎಂದರು ಚಿಕ್ಕಲಿಂಗಯ್ಯ.

“ನಾನೂ ಅದೇ ಅಂದುಕೊಂಡೆ” ಎಂದೆ ನಾನು. ಕೊನೆಗೆ ‘ಇತರೆ ಶುಭ ಸಮಾರಂಭ’ ಎಂದು ಒಂದು ಸೇರಿಸಿ ಕೈತೊಳೆದುಕೊಂಡೆವು. ಬುಕ್ ಮಾಡಿದವರಿಗೆ ತಾನಾಗಿಯೇ ಹೋಗುವ ಸಂದೇಶವನ್ನೂ ನಾನೇ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರೇ ಬಂದಿತ್ತು, ಅಷ್ಟು ಚೆನ್ನಾಗಿ ಬಂದಿತ್ತು: ‘ಶುಭಾಶಯಗಳು! ನಿಮ್ಮ ಮನೆಯ ಸಂಭ್ರಮದಲ್ಲಿ ನಾವೂ ಭಾಗಿಗಳು. ಇಂಥ ಸಂತಸದ ಗಳಿಗೆಗಳು ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ!’

ವೆಬ್‌ಸೈಟ್ ಶುರುವಾಗಿ ಬಹಳ ದಿನ ಯಾರೂ ಅದರ ಕಡೆ ಸುಳಿಯಲಿಲ್ಲ. ಚಿಕ್ಕಲಿಂಗಯ್ಯನವರು ದಿನವೂ ಅಂಗಡಿಗೆ ಬಂದು, ಪ್ರಯಾಣಿಕರಿಲ್ಲದ ಬಸ್ಸನ್ನು ನೋಡುವ ಹಾಗೆ ನನ್ನ ಕಂಪ್ಯೂಟರನ್ನು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಬುಕಿಂಗ್ ಬಂದೇ ಬಂತು. ಹೆಸರು ಸುಜಾತ, ಊರು ಕೂಟಗಲ್ ಕಡೆ, ಮುಂದಿನ ವಾರದ ಒಂದು ದಿನ. ಕಾರ್ಯಕ್ರಮ: ಇತರೆ ಶುಭ ಸಮಾರಂಭ. ನಾನು ಫೋನ್ ಮಾಡಿದ್ದೇ ತಡ, ಇಬ್ಬರೂ ಹಾಜರ್.

“ನೋಡ್ದಾ! ಎಣ್ಮಗಳೇ ಬುಕ್ ಮಾಡವ್ಳೆ” ಎಂದು ಚಿಕ್ಕಲಿಂಗಯ್ಯ ಹಿಗ್ಗಿದರು. “ಏನಿರಬೋದು? ಅವರಪ್ಪನ ಅರವತ್ತು ವರ್ಸದ ಶಾಂತಿ ಇರಬೋದಾ?”

“ಹೊಸ ಗಾಡಿ ತಗೊಂಡಿರ್ಬೇಕು” ಎಂದರು ಅಫ್ಸರ್ ಭಾಯ್.

ಏನೇ ಇರಲಿ, ವೆಬ್‌ಸೈಟಿನ ಮೊದಲ ಗಿರಾಕಿಗೆ ಮನೆಗೇ ಹೋಗಿ ಸನ್ಮಾನ ಮಾಡಬೇಕೆಂದು ತೀರ್ಮಾನವಾಯಿತು. ಒಂದು ದೊಡ್ಡ ಗುಲಾಬಿ ಹಾರ, ಒಂದು ಶಾಲು, ಒಂದು ಡಬ್ಬ ಮೈಸೂರು ಪಾಕು. “ಫೋನ್ ಮಾಡಿ ಹೋಗೋಣ ಸರ್” ಎಂದು ನಾನು ಒಮ್ಮೆ ಹೇಳಿದ್ದು ನಿಜ. “ಮುಂಚೆನೇ ಯೋಳ್ಬುಟ್ರೆ ಏನಮ್ಮ ಸ್ವಾರಸ್ಯ?” ಎಂದು ಅವರು ಬಾಯಿ ಮುಚ್ಚಿಸಿದರು. ನಾನು ಹೊಸ ಸೀರೆ ಉಟ್ಟೆ. ಹಳದಿ, ಕೆಂಪಂಚು.

ವ್ಯಾನು ಊರೊಳಗೆ ತಿರುಗಿದಾಗ ಮನೆ ಹುಡುಕುವ ಕಷ್ಟವೇ ಆಗಲಿಲ್ಲ. ಬಾಗಿಲ ಮುಂದೆ ಶಾಮಿಯಾನ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಮೂರ್ನಾಲ್ಕು ಜನ ವಯಸ್ಸಾದವರು. “ಆಗ್ಲೇ ಚಪ್ಪರ ಹಾಕವ್ರೆ, ಜೋರಾಗೇ ಮಾಡ್ತಾರೆ” ಎಂದು ಚಿಕ್ಕಲಿಂಗಯ್ಯ ಹಾರ ಕೈಗೆತ್ತಿಕೊಂಡು ಮುಂದೆ ನಡೆದರು. ಅವರ ಹಿಂದೆ ನಾನು. ನನ್ನ ಹಿಂದೆ ಶಾಲು ಮತ್ತು ಡಬ್ಬ ಹಿಡಿದ ಅಫ್ಸರ್ ಭಾಯ್. ಕುರ್ಚಿಯಲ್ಲಿದ್ದವರು ಹಾರ ನೋಡಿದ ಕೂಡಲೇ ಎದ್ದು ದಾರಿ ಬಿಟ್ಟರು. ಒಬ್ಬರು ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡರು. ಎಂಥ ಮರ್ಯಾದೆ ಎಂದುಕೊಂಡೆ.

ಹೊಸಿಲು ದಾಟಿ ನೋಡಿದರೆ ಎದುರುಗೋಡೆಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ಒಬ್ಬ ಹಿರಿಯರ ದೊಡ್ಡ ಫೋಟೋ, ಮುಂದೆ ದೀಪ.

ಚಿಕ್ಕಲಿಂಗಯ್ಯನವರು ನಿಂತಲ್ಲೇ ನಿಂತರು. ಫೋಟೋದ ಪಕ್ಕ ಚಾಪೆಯ ಮೇಲೆ ಕುಳಿತಿದ್ದ ಅಮ್ಮ ತಲೆಯೆತ್ತಿ ನಮ್ಮನ್ನು ನೋಡಿದರು. ಅವರ ಹಿಂದೆ ಒಬ್ಬ ಹೆಣ್ಣುಮಗಳು. “ಭವನದೋರು ಕಣಮ್ಮ” ಎಂದು ಆಕೆ ತಾಯಿಗೆ ಮೆಲ್ಲಗೆ ಹೇಳಿದಳು. ಅವಳೇ ಸುಜಾತ.

ಅಮ್ಮನ ಮುಖ ಕರಗಿತು. “ಅಷ್ಟು ದೂರದಿಂದ ಬಂದ್ರಾ ನನ್ನಪ್ಪ” ಎಂದರು. “ಹಾಕಿ. ಹಾಕಿ ನಮ್ಮೆಜಮಾನ್ರಿಗೆ.”

ಚಿಕ್ಕಲಿಂಗಯ್ಯ ಹಾರ ಹಾಕಿದರು. ಕೈಮುಗಿದರು. ನಾನು ಹಳದಿ ಸೀರೆಯ ಸೆರಗನ್ನು ಎಷ್ಟು ಎಳೆದುಕೊಂಡರೂ ಅದು ಹಳದಿಯಾಗಿಯೇ ಇತ್ತು. ಅಫ್ಸರ್ ಭಾಯ್ ಮಾತ್ರ ಬುದ್ಧಿ ಓಡಿಸಿ ಡಬ್ಬವನ್ನು ಶಾಲಿನೊಳಗೆ ಸೇರಿಸಿ ಎದೆಗೆ ಅವುಚಿಕೊಂಡು ನಿಂತಿದ್ದರು. ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿಕ್ಕಲಿಂಗಯ್ಯನವರಿಗೆ ಏನಾದರೂ ಮಾಡಲೇಬೇಕೆನ್ನಿಸಿತೋ ಏನೋ, ತಿರುಗಿ ಆ ಶಾಲನ್ನು ಎಳೆದುಕೊಂಡು ಅಮ್ಮನಿಗೆ ಹೊದಿಸಲು ಹೋದರು. ಶಾಲು ಬಂತು. ಡಬ್ಬ ನೆಲಕ್ಕೆ ಬಿತ್ತು. ಬಿದ್ದ ರಭಸಕ್ಕೆ ಮುಚ್ಚಳ ಹಾರಿ, ತುಪ್ಪದ ಘಮ ಊದುಬತ್ತಿಯನ್ನೂ ಮೀರಿ ಕೋಣೆ ತುಂಬಿತು. ಡಬ್ಬದ ಮೇಲೆ ಚಿನ್ನದ ಕಾಗದ, ಕೆಂಪು ರಿಬ್ಬನ್ನು.

ಒಂದು ಮೈಸೂರು ಪಾಕು ಉರುಳಿ ಅಮ್ಮನ ಕಾಲ ಬಳಿ ನಿಂತಿತು. ಸುಳ್ಳು ಹೇಳಲು ಜಾಗವಿದ್ದಿದ್ದರೆ ನಾನು ಹೇಳುತ್ತಿದ್ದೆನೇನೋ. ಜಾಗವೇ ಇರಲಿಲ್ಲ.

ನಾನು ಅವರ ಮುಂದೆ ಕುಳಿತೆ. “ಅಮ್ಮಾ, ತಪ್ಪಾಗಿಹೋಯಿತು. ನಿಮ್ಮನೇಲಿ ಹೀಗಾಗಿದೆ ಅಂತ ನಮಗೆ ಗೊತ್ತಿರಲಿಲ್ಲ. ಏನೋ ಸಂತೋಷದ ಕಾರ್ಯ ಅಂದುಕೊಂಡು ಬಂದುಬಿಟ್ಟೆವು. ವೆಬ್‌ಸೈಟ್ ಮಾಡಿದವಳು ನಾನು. ಅದರಲ್ಲಿ ಶುಭ ಬಿಟ್ಟು ಬೇರೆ ಏನೂ ಇಟ್ಟಿರಲಿಲ್ಲ. ಹಾರವೂ ನಿಮ್ಮ ಮಗಳಿಗೆ ಅಂತ ತಂದದ್ದು” ಎಂದೆ.

ಅಮ್ಮ ನನ್ನನ್ನು ನೋಡಿದರು. ಫೋಟೋ ನೋಡಿದರು. ಆಮೇಲೆ ಬಗ್ಗಿ, ಕಾಲ ಬಳಿ ಬಿದ್ದಿದ್ದ ತುಂಡನ್ನು ಎತ್ತಿ ಸೆರಗಿನಿಂದ ಒರೆಸಿದರು.

“ನಮ್ಮನೇರ್ಗೆ ಸಕ್ಕರೆ ಕಾಯ್ಲೆ ಕಣವ್ವ” ಎಂದರು. “ಇದಂದ್ರೆ ಪ್ರಾಣ ಬುಡೋರು. ನಾನು ಒಸಿನೂ ಮುಟ್ಟಕ್ಕೆ ಬುಡ್ಲಿಲ್ಲ. ಯಾರ್ದಾದ್ರೂ ಮದ್ವೆಗೆ ವೋದ್ರೆ ಎಲೆ ಪಕ್ಕ ಕಾವ್ಲು ಕೂತ್ಕತಿದ್ದೆ. ಬೈಕಂಡು ಬೈಕಂಡು ಬರೀ ಸಾರನ್ನ ಉಣ್ಣೋರು.” ತುಂಡನ್ನು ಫೋಟೋದ ಕಡೆ ಚಾಚಿದರು. “ಇನ್ನೇನಾಯ್ತದೆ? ಇಡಿ ಅತ್ಲಗೆ, ಅವರ ಮುಂದ್ಕೆ. ಎಲ್ಲಾನೂವೆ ಇಡಿ.”

ಅಫ್ಸರ್ ಭಾಯ್ ಮೊಣಕಾಲೂರಿ ಕುಳಿತು, ಚೆಲ್ಲಿದ್ದನ್ನೆಲ್ಲ ಬಳಿದು ಡಬ್ಬಕ್ಕೆ ಹಾಕಿ, ಡಬ್ಬವನ್ನು ದೀಪದ ಪಕ್ಕದಲ್ಲಿಟ್ಟರು. ರಿಬ್ಬನ್ನು ಬಿಚ್ಚಲೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಮ್ಮ ಫೋಟೋದ ಕಡೆ ನೋಡಿ, “ತಿನ್ನಿ. ಈಗ ಯಾರ್ ತಡೀತಾರೆ” ಎಂದರು. ಎಂದು ನಕ್ಕರು. ನಗು ಅರ್ಧದಲ್ಲಿ ಅಳುವಾಯಿತು. ಮಗಳು ಬಂದು ಅವರನ್ನು ತಬ್ಬಿಕೊಂಡಳು. ಚಿಕ್ಕಲಿಂಗಯ್ಯನವರು ಗೋಡೆ ಕಡೆ ತಿರುಗಿ ಕನ್ನಡಕ ಒರೆಸುತ್ತಾ ನಿಂತಿದ್ದರು.

ಹೊರಡುವಾಗ ನನ್ನ ಹಾಳು ನಾಲಿಗೆ ‘ಹೋಗಿ ಬರ್ತೀವಿ’ ಎನ್ನುವುದರಲ್ಲಿತ್ತು. ಸಾವಾದ ಮನೆಯಲ್ಲಿ ಆ ಮಾತು ಆಡಬಾರದು. ‘ಹೋಗಿ’ ಎನ್ನುವಲ್ಲಿಗೆ ಹಲ್ಲು ಕಚ್ಚಿ ನಿಲ್ಲಿಸಿದೆ. ಕೇಳಿದವರಿಗೆ ನಾನು ಅವರನ್ನೇ ಹೋಗಿ ಎಂದಂತಾಯಿತು.

ಸುಜಾತ ವ್ಯಾನಿನವರೆಗೂ ಬಂದಳು. ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರಂತೆ, ಒಬ್ಬಳೇ ಮಗಳು. “ಆ ಮೆಸೇಜ್ ಅಮ್ಮನಿಗೆ ತೋರಿಸಲಿಲ್ಲ ಮೇಡಂ” ಎಂದಳು. ‘ಮತ್ತೆ ಮತ್ತೆ ಬರಲಿ’ ಎಂದು ಬರೆದಿದ್ದು ನೆನಪಾಗಿ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

“ಬಯ್ಯಮ್ಮ, ಚೆನ್ನಾಗಿ ಬಯ್ದುಬಿಡು” ಎಂದೆ.

“ಬಯ್ಯೋಕಲ್ಲ ಮೇಡಂ. ಅವತ್ತು ಎಲ್ಲರಿಗೂ ನಾನೇ ಫೋನ್ ಮಾಡ್ಬೇಕಿತ್ತು. ಪ್ರತಿ ಸಲಾನೂ ‘ಅಪ್ಪ ಹೋಗ್ಬಿಟ್ರು’ ಅಂತ ಬಾಯಿ ಬಿಟ್ಟು ಹೇಳಿ ಹೇಳಿ, ಇನ್ನೊಬ್ರಿಗೆ ಹೇಳೋ ಶಕ್ತಿ ಇರಲಿಲ್ಲ. ನಿಮ್ಮ ವೆಬ್‌ಸೈಟ್ ಸಿಕ್ತು. ಸದ್ಯ, ಇಲ್ಲಿ ಯಾರ ಹತ್ರನೂ ಮಾತಾಡಬೇಕಾಗಿಲ್ಲ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ? ಆಮೇಲೆ ಆ ಪ್ರಶ್ನೆ ಬಂತು. ಅದಕ್ಕೆ ಉತ್ತರ ಹಾಕದೆ ಮುಂದಕ್ಕೇ ಬಿಡ್ತಿರಲಿಲ್ಲ. ‘ಇತರೆ ಶುಭ ಸಮಾರಂಭ’ ಅಂತ ಒತ್ತೋಕೆ ಕೈ ಬರಲಿಲ್ಲ ಮೇಡಂ. ಒತ್ತಿದೆ.”

ವಾಪಸು ಬರುವಾಗ ವ್ಯಾನು ಪೇಟೆ ಹತ್ತಿರ ಬಂದಾಗ ಚಿಕ್ಕಲಿಂಗಯ್ಯ, “ಅದಕ್ಕೂ ಒಂದು ಬಟನ್ ಮಾಡ್ಬುಡಮ್ಮ” ಎಂದರು. ಮಾಡಲು ಕುಳಿತೆ. ಏನೆಂದು ಬರೆಯುವುದು? ಕರ್ಮ ಎಂದರೆ ಬೈದಂತೆ, ತಿಥಿ ಎಂದರೆ ಒರಟು, ಕೈಲಾಸ ಎಂದರೆ ವೈಕುಂಠದವರು ಬರುವುದಿಲ್ಲ, ಅಫ್ಸರ್ ಭಾಯ್ ಕಡೆಯವರ ನಲವತ್ತನೆಯ ದಿನಕ್ಕೆ ಇವೆರಡೂ ಒಗ್ಗುವುದಿಲ್ಲ. ಸಮಿತಿಯ ಒಂದು ಇಡೀ ಸಭೆ ಸ್ವರ್ಗದ ವಿಂಗಡಣೆಯಲ್ಲೇ ಕಳೆಯಿತು. ಕಡೆಗೆ ಭವನದಲ್ಲಿ ಆ ಹಿರಿಯರ ಕಾರ್ಯದ ದಿನ, ನಾನು ತಿಳಿಬಣ್ಣದ ಸೀರೆಯುಟ್ಟು ಪಂಕ್ತಿಯಲ್ಲಿ ಅನ್ನ ಬಡಿಸುತ್ತಿದ್ದಾಗ ಸುಜಾತಳನ್ನೇ ಕೇಳಿದೆ: “ಏನು ಪದ ಹಾಕಲಮ್ಮ?”

ಅವಳು ಸಾರಿನ ಪಾತ್ರೆ ಕೆಳಗಿಟ್ಟು ಯೋಚಿಸಿದಳು. “ಯಾಕೆ ಕೇಳಬೇಕು ಮೇಡಂ?” ಎಂದಳು. “ಯಾವ ದಿನ, ಎಷ್ಟು ಜನ, ಅಡುಗೆಮನೆ ಬೇಕಾ, ಇಷ್ಟು ಗೊತ್ತಾದ್ರೆ ಸಾಲದಾ?”

ಸಾಕಾಗುತ್ತಿತ್ತು. ಅಷ್ಟೂ ದಿನ ನಾವು ಉತ್ತರಗಳ ಪಟ್ಟಿ ಉದ್ದ ಮಾಡುತ್ತಿದ್ದೆವೇ ಹೊರತು ಪ್ರಶ್ನೆಯೇ ಅನಗತ್ಯ ಎಂದು ಯಾರಿಗೂ ತೋಚಿರಲಿಲ್ಲ. ಮನೆಗೆ ಬಂದು ಪ್ರಶ್ನೆ ಅಳಿಸಿದೆ. ತೋರಣ, ಬಾಳೆಕಂಬ ತೆಗೆದೆ. ಬಳ್ಳಿಯನ್ನು ತೆಗೆಯುವಾಗ ಮಾತ್ರ ಕರುಳು ಚುರ್ರೆಂದಿತು. ಸಂದೇಶದಲ್ಲಿ ‘ನೀವು ಕೇಳಿದ ದಿನ ಭವನವನ್ನು ನಿಮಗಾಗಿ ಕಾದಿರಿಸಲಾಗಿದೆ’ ಎಂದಷ್ಟೇ ಬರೆದೆ. ಕೆಳಗೆ ‘ನಾವು ನಿಮಗೆ ಫೋನ್ ಮಾಡಬಹುದೇ?’ ಎಂದು ಕೇಳಿ, ಹೌದು, ಬೇಡ ಎಂಬ ಎರಡು ಬಟನ್ ಇಟ್ಟೆ. ಬೇಡ ಎಂದವರಿಗೆ ಮಾಡುವುದಿಲ್ಲ. ಅಫ್ಸರ್ ಭಾಯ್ ಬೀಗ ತೆಗೆದು, ನೀರು ತುಂಬಿಸಿ, ಸದ್ದಿಲ್ಲದೆ ಬಂದುಬಿಡುತ್ತಾರೆ. ಹೌದು ಎಂದವರಿಗೆ ಫೋನ್ ಮಾಡುವ ಕೆಲಸ ನನ್ನದು. ಅಂಗಡಿಯಲ್ಲಿ ಈಗ ತಿಥಿ ಕಾರ್ಡೂ ಮಾಡುತ್ತೇನೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು; ಮೈಸೂರು ಪಾಕಿನ ಕತೆ ಹೇಳಿದ ಮೇಲೆ ಸುಮ್ಮನಾಗಿ, “ಅಚ್ಚು ಹಾಕೋದಾದ್ರೆ ಒಸಿ ನೀಟಾಗಿ ಹಾಕು” ಎಂದರು.

ಹೀಗೆ ಎಲ್ಲವೂ ಸರಿಹೋಯಿತು ಎಂದು ಇಲ್ಲಿಗೆ ನಿಲ್ಲಿಸಿಬಿಡುವ ಆಸೆ ನನಗಿದೆ. ಆದರೆ ಮೊನ್ನೆ ಮಾಗಡಿಯ ಒಬ್ಬರು ಭವನ ಬುಕ್ ಮಾಡಿ, ಫೋನ್ ಮಾಡಬಹುದು ಎಂದು ಒತ್ತಿದ್ದರು. ಏನು ಕಾರ್ಯವೋ ಏನು ಕತೆಯೋ. ಯಾವುದಕ್ಕೂ ನೋಯದಂಥ ದನಿ ಇರಲಿ ಎಂದು ನಾನು ಅಂಗಡಿಯ ಫ್ಯಾನು ನಿಲ್ಲಿಸಿ, ಗಂಟಲು ತಗ್ಗಿಸಿ, ಒಂದೊಂದೇ ಮಾತನ್ನು ಹತ್ತಿಯಲ್ಲಿ ಸುತ್ತಿದಂತೆ ಮಾತಾಡಿದೆ. “ನಮಸ್ಕಾರ... ಸಮುದಾಯ ಭವನದಿಂದ... ಏನೇ ಬೇಕಿದ್ದರೂ ಸಂಕೋಚಪಡಬೇಡಿ... ನಾವೆಲ್ಲ ನಿಮ್ಮ ಜೊತೆಗಿದ್ದೇವೆ...”

ಆ ಕಡೆ ವಾಲಗದ ಸದ್ದು, ನಗು, ಪಾತ್ರೆಗಳ ಗಲಾಟೆ. ಅದರ ನಡುವೆ ಆ ಮನುಷ್ಯ ಇದ್ದಕ್ಕಿದ್ದಂತೆ ಮೆತ್ತಗಾಗಿ, “ಒಸಿ ಸುಮ್ಕಿರ್ರೋ” ಎಂದು ತಮ್ಮವರನ್ನು ಗದರಿಸಿ, ಬಹಳ ಕಕ್ಕುಲತೆಯಿಂದ ಕೇಳಿದರು:

“ನಮ್ದು ಮಗನ ಮದ್ವೆ ಕಣ್ ಮೇಡಮ್ಮ, ಅದಿರ್ಲಿ ಬುಡಿ. ಪಾಪ, ನಿಮ್ಮನೇಲಿ ಯಾರು ವೋಗ್ಬುಟ್ರು?”